ಲೋಟದೊಳಗಿನ ಹೋಳು

ಉಪ್ಪಿನಕಾಯಿ ಹಾಕುವ ಕಾಲ ಬಂತೆಂದರೆ ನನಗೆ ಒಂದು ಲೆಕ್ಕದ ಹುಚ್ಚು ಹಿಡಿಯುತ್ತದೆ. ಒಂದು ಕಿಲೋ ಮಾವಿನಕಾಯಿ ಹೆಚ್ಚಿದರೆ ಎಷ್ಟು ಪಾವು ಹೋಳಾದೀತು? ಅಂಗಡಿಯವನು ತೂಗಿ ಕೊಡುತ್ತಾನೆ, ಅಜ್ಜಿ ಹೇಳಿಕೊಟ್ಟಿದ್ದು ಪಾವಿನ ಲೆಕ್ಕ: ನಾಲ್ಕು ಪಾವು ಹೋಳಿಗೆ ಒಂದು ಪಾವು ಹರಳುಪ್ಪು, ಮಟ್ಟಕ್ಕೆ ಸವರಿದ್ದು. ತಕ್ಕಡಿಗೂ ಪಾವಿಗೂ ನಡುವೆ ಈಳಿಗೆಮಣೆ ಕೂತಿದೆ. ಹೋಳು ಎಷ್ಟು ದಪ್ಪ ಎಂಬುದರ ಮೇಲೆ ಲೆಕ್ಕವೆಲ್ಲ ನಿಂತಿದೆ.

ಹೋಳು ತುಂಬುವಾಗ ಲೋಟವನ್ನು ಸುಮ್ಮನೆ ನೋಡುತ್ತಾ ಕೂರುವುದು ನನಗಿಷ್ಟ. ದಪ್ಪ ಹೋಳುಗಳು ಅಡ್ಡಾದಿಡ್ಡಿ ಬಿದ್ದು ಒಂದಕ್ಕೊಂದು ಒರಗಿ ನಿಲ್ಲುತ್ತವೆ, ನಡುವೆ ಸಂದು ಹಾಗೇ ಉಳಿಯುತ್ತದೆ. ಲೋಟವನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿದರೆ ಮೇಲ್ಮಟ್ಟ ಒಂದು ಬೆರಳು ಇಳಿಯುತ್ತದೆ, ಇನ್ನೊಂದು ಹಿಡಿ ಹಿಡಿಸುತ್ತದೆ. ಸಣ್ಣಗೆ ಹೆಚ್ಚಿದ್ದು ಕುಟ್ಟದೆಯೇ ಒತ್ತಾಗಿ ಕೂರುತ್ತದೆ. 240 ಮಿಲಿಲೀಟರಿನ ಕಪ್ಪಿನಲ್ಲಿ ನೀರು ತೂಗಿದರೆ 240 ಗ್ರಾಂ. ಅದೇ ಕಪ್ಪಿಗೆ ಮಾವಿನ ಹಣ್ಣಿನ ಹೋಳು ತುಂಬಿದರೆ ಸುಮಾರು 165 ಗ್ರಾಂ, ಅನಾನಸ್ ಹೋಳಿನ ತೂಕವೂ ಹೆಚ್ಚುಕಡಿಮೆ ಅಷ್ಟೇ. ಹಣ್ಣಿನ ತಿರುಳು ನೀರಿಗಿಂತ ತುಸು ಭಾರವಾದ್ದರಿಂದ ಕಪ್ಪಿನ ಮೂರನೇ ಒಂದು ಪಾಲು ಬರೀ ಗಾಳಿ ಎಂದಾಯಿತು!

ಬಾಳೆಹಣ್ಣಿನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ರಸಾಯನಕ್ಕೆಂದು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದರೆ ಒಂದು ಕಪ್ಪಿಗೆ 150 ಗ್ರಾಂ. ಕಿವುಚಿ ತುಂಬಿದರೆ 225 ಗ್ರಾಂ, ಅಂದರೆ ಒಂದೂವರೆ ಪಟ್ಟು. ಹಣ್ಣು ಅದೇ, ಕಪ್ಪು ಅದೇ. ಅದಕ್ಕೇ 'ಎರಡು ಕಪ್ ಬಾಳೆಹಣ್ಣು' ಎಂದು ಬರೆದು ಬಿಡುವ ಪಾಕವಿಧಾನ ನನ್ನ ಮಟ್ಟಿಗೆ ಅರ್ಧ ಬರೆದದ್ದು. ಸೇಬಿನ ಹೋಳಾದರೆ ಕಪ್ಪಿಗೆ 110 ಗ್ರಾಂ ಆಸುಪಾಸು. ಸೇಬಿನ ತಿರುಳಿನೊಳಗೇ ಗಾಳಿ ತುಂಬಿಕೊಂಡಿರುತ್ತದೆ, ನೀರಿಗೆ ಹಾಕಿದರೆ ತೇಲುವುದೂ ಅದರಿಂದಲೇ.

ಹಣ್ಣಿನಷ್ಟೇ ಉಪ್ಪನ್ನೂ ಗಮನಿಸಬೇಕು. ಹರಳುಪ್ಪಿನ ನಡುವೆ ಸಂದು ಹೆಚ್ಚು. ಪುಡಿ ಉಪ್ಪು ಒಂದು ಕಪ್ಪಿಗೆ 290 ಗ್ರಾಂ ತನಕ ತೂಗುತ್ತದೆ. ಅಜ್ಜಿಯ ಪಾವಿನ ಲೆಕ್ಕಕ್ಕೆ ಪುಡಿ ಉಪ್ಪು ಸುರಿದರೆ ಉಪ್ಪಿನಕಾಯಿ ಬಾಯಿಗಿಡಲಾಗದು. ಹಿರಿಯರ ಅಳತೆಯನ್ನು ಅವರ ಸಾಮಗ್ರಿಯ ಜೊತೆಗೇ ತೆಗೆದುಕೊಳ್ಳಬೇಕು. ಅಳೆಯುವುದೇನಿದ್ದರೂ ಉಪ್ಪು ಬೆರೆಸುವ ಮೊದಲೇ ಮುಗಿಯಬೇಕು. ಉಪ್ಪು ತಾಗಿದ ಹೋಳು ಮಾರನೆಯ ದಿನಕ್ಕೆ ನೀರು ಬಿಟ್ಟು ಸೊರಗಿ ಭರಣಿಯಲ್ಲಿ ತಗ್ಗಿರುತ್ತದೆ. ಭರಣಿಯ ತೂಕ ಮಾತ್ರ ನಿನ್ನೆಯಷ್ಟೇ.

ಅನಾನಸ್ ಗೊಜ್ಜು ಮಾಡುವವರು ಇನ್ನೊಂದು ಮಾತು ನೆನಪಿಡಬೇಕು. ಜುಟ್ಟು, ಸಿಪ್ಪೆ, ಕಣ್ಣು, ನಡುವಿನ ದಿಂಡು ಎಲ್ಲ ತೆಗೆದರೆ ಕೊಂಡ ತೂಕದಲ್ಲಿ ಸುಮಾರು ಅರ್ಧ ಉಳಿಯುತ್ತದೆ. ಎರಡು ಕಪ್ ಹೋಳು ಬೇಕಿದ್ದರೆ 330 ಗ್ರಾಂ ತಿರುಳು, ಎಂದರೆ ಮುಕ್ಕಾಲು ಕಿಲೋ ತೂಗುವ ಹಣ್ಣು ಧಾರಾಳವಾಗಿ ಸಾಕು.

ಈ ಅಂಕಿಗಳೆಲ್ಲ ದಾರಿ ತೋರುವುದಕ್ಕೆ. ನಿಮ್ಮ ಕೈಯ ಹೋಳು, ನಿಮ್ಮ ಮನೆಯ ಲೋಟ ಬೇರೆ. ಈ ಸಲ ಮಾವಿನಕಾಯಿ ಹೆಚ್ಚಿದಾಗ ಒಂದು ಲೋಟ ಹೋಳನ್ನು ತಕ್ಕಡಿಯ ಮೇಲಿಟ್ಟು, ಲೋಟದ ತೂಕ ಕಳೆದು, ಬಂದ ಅಂಕಿಯನ್ನು ಅಡುಗೆ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡಿ. ಹೋಳಿನ ಗಾತ್ರವನ್ನೂ ಪಕ್ಕದಲ್ಲೇ ಬರೆಯಿರಿ.