ಜಪಾನೀ ಊಟವೂ ನಮ್ಮ ಡ್ರಿಲ್ ಮಾಸ್ತರರೂ

ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ಸಮಾಜವಿಜ್ಞಾನ ಬೋಧಿಸಿದವನು ನಾನು. 1868ರ ಮೇಜಿ ಪುನರುತ್ಥಾನ, 1904-05ರ ರಷ್ಯಾ-ಜಪಾನ್ ಯುದ್ಧ, 1945ರ ಹಿರೋಷಿಮಾ, ಇವನ್ನೆಲ್ಲ ಎಷ್ಟು ತಂಡಗಳಿಗೆ ಪಾಠ ಮಾಡಿದೆನೋ ಲೆಕ್ಕವಿಲ್ಲ. ಕರಿಹಲಗೆಯ ಮೇಲೆ ನಾನು ಬಿಡಿಸುತ್ತಿದ್ದ ನಾಲ್ಕು ದ್ವೀಪಗಳ ಸೊಟ್ಟ ನಕಾಶೆ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಆದರೆ ಆ ಜನ ಮಧ್ಯಾಹ್ನ ಏನು ಉಣ್ಣುತ್ತಾರೆಂಬುದನ್ನು ನಾನೂ ಹೇಳಲಿಲ್ಲ, ನೀವೂ ಕೇಳಲಿಲ್ಲ.

ಈಚೆಗೆ ಬೆಂಗಳೂರಿನಲ್ಲೊಂದು ಮದುವೆ. ಗಣಿತದ ಮಾಸ್ತರರು, ಡ್ರಿಲ್ ಮಾಸ್ತರರು ಮತ್ತು ನಾನು, ಮೂವರೂ ನಿವೃತ್ತರು, ಬಸವನ ಬಾಗೇವಾಡಿ ರೋಡ್ ನಿಲ್ದಾಣದಲ್ಲಿ ರೈಲು ಹತ್ತಿದೆವು. ಮದುವೆಯ ಮರುದಿನ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಕಾರು ತಂದು ನಿಲ್ಲಿಸಿದ. ಅವನಿಗೆ ಜಪಾನೀಯರೊಡನೆ ಕೆಲಸ. "ಸರ, ದಿನಾ ಉಣ್ಣೂ ಊಟ ಬ್ಯಾಡ್ರಿ. ಇವತ್ತ ನಮ್ಮ ಸಾಹೇಬರು ಉಣ್ಣೂ ಊಟ ಉಣ್ಣಸ್ತೀನಿ" ಎಂದ. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆ ಸ್ಥಾಪನೆಯಾಗಿ ಬಿಡದಿಯಲ್ಲಿ ಕಾರ್ಖಾನೆ ತೆರೆದ ಮೇಲೆ ಬೆಂಗಳೂರಿಗೆ ಬಂದು ನೆಲೆಸುವ ಜಪಾನೀಯರು ಹೆಚ್ಚಿದರಂತೆ. ಜನ ಬಂದಲ್ಲಿಗೆ ಖಾನಾವಳಿ ಬರುವುದು ಲೋಕರೂಢಿ. ನಮ್ಮವರು ಪುಣೆ-ಮುಂಬಯಿಗೆ ಹೋದಲ್ಲಿ ಜೋಳದ ರೊಟ್ಟಿ ಹೋಗಲಿಲ್ಲವೇ?

ಒಳಗೆ ಹೋಗಿ ಕುಳಿತೊಡನೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಪುಟ್ಟ ವಸ್ತ್ರಗಳನ್ನು ತಂದಿಟ್ಟರು. ಕೈ ಒರೆಸಿಕೊಳ್ಳಲೆಂದು ಕೊಟ್ಟದ್ದು. ಗಣಿತದ ಮಾಸ್ತರರು ಮುಖ, ಕುತ್ತಿಗೆ ಎಲ್ಲ ಒರೆಸಿಕೊಂಡು ಪ್ರಸನ್ನರಾದರು. ಬಳಿಕ ಕಡ್ಡಿಗಳು ಬಂದವು. ನಮ್ಮಿಬ್ಬರ ಕೈಯಲ್ಲಿ ಅವು ಒಂದು ಕಡೆ ನಿಲ್ಲಲಿಲ್ಲ. ಲೇಜಿಮ್ ಹಿಡಿದು ಪಳಗಿದ ಡ್ರಿಲ್ ಮಾಸ್ತರರು ಮಾತ್ರ ಎರಡು ನಿಮಿಷದಲ್ಲಿ ಸೌತೆಕಾಯಿಯ ತುಂಡನ್ನು ಎತ್ತಿ ತೋರಿಸಿದರು. "ಅನ್ನದಾಗ ಕಡ್ಡಿ ನೆಟ್ಟಗ ಚುಚ್ಚಬ್ಯಾಡ್ರಿ ಸರ, ಅದು ಸತ್ತವರಿಗೆ ಎಡಿ ಇಡೂ ರೀತಿ" ಎಂದು ಶಿಷ್ಯ ಎಚ್ಚರಿಸಿದ. ಮಾಸ್ತರರಿಗೆ ಪಾಠ ಹೇಳುವ ಸುಖ ಅವನ ಮುಖದ ಮೇಲೆ ಎದ್ದು ಕಾಣುತ್ತಿತ್ತು.

ನಮ್ಮಿಬ್ಬರದು ಶಾಕಾಹಾರ. ಡ್ರಿಲ್ ಮಾಸ್ತರರಿಗೆ ಮೀನು ತರಿಸುವೆನೆಂದು ಶಿಷ್ಯ ಹೇಳಿದಾಗ ಅವರು ಕೈ ಅಡ್ಡಾಡಿಸಿ, "ಏ ಬ್ಯಾಡಪ್ಪ, ಸರ್ ಅವರ ಜೋಡಿ ಕುಂತಾಗ ಬ್ಯಾಡ" ಎಂದುಬಿಟ್ಟರು. ಆಗ ಆ ಮಾತು ನನಗೆ ಸಹಜವಾಗಿಯೇ ಕೇಳಿಸಿತು.

ತರಕಾರಿಯ ತೆಂಪುರ ಬಂತು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರಿಂದ ಕಲಿತ ತಿನಿಸು. ನೋಡಿದರೆ ನಮ್ಮ ಭಜಿಯ ತಮ್ಮ. ಅದರೊಡನೆ ಮುಚ್ಚಳದ ಬಟ್ಟಲುಗಳಲ್ಲಿ ಮಿಸೋ ಸಾರು. ಸೋಯಾ ಅವರೆಯನ್ನು ಬೇಯಿಸಿ, ಉಪ್ಪು ಬೆರೆಸಿ, ಅಕ್ಕಿಯ ಮೇಲೆ ಬೆಳೆಸಿದ ಒಂದು ಬಗೆಯ ಬೂಷ್ಟು ಕೂಡಿಸಿ, ತಿಂಗಳುಗಟ್ಟಲೆ ಹುಳಿಯಿಟ್ಟರೆ ಮಿಸೋ ಆಗುತ್ತದೆ. ನಮ್ಮ ಮನೆಗಳಲ್ಲಿ ಕರಿಂಡಿಯ ಗಡಿಗೆಗೆ ಅರಿವೆ ಕಟ್ಟಿ ಕಾಯುವುದು ನೆನಪಾಯಿತು. ನಾನು ಒಂದೇ ಉಸಿರಿಗೆ ಅರ್ಧ ಬಟ್ಟಲು ಕುಡಿದು, "ಭೇಷ್! ಏನೋ ಒಂದು ಆಳವಾದ ರುಚಿ ಐತಿ ಇದರಾಗ" ಎಂದು ಗಟ್ಟಿಯಾಗಿ ಹೊಗಳಿ, ಉಳಿದುದನ್ನೂ ಮುಗಿಸಿದೆ.

ಡ್ರಿಲ್ ಮಾಸ್ತರರು ಬಟ್ಟಲನ್ನು ಮೂಗಿನ ಬಳಿ ಹಿಡಿದು ಸುಮ್ಮನೆ ಕುಳಿತಿದ್ದರು. ಕೊನೆಗೆ ಮೆಲ್ಲಗೆ, "ಸರ, ಇದರಾಗ ಒಣಮೀನ ಐತ್ರಿ" ಎಂದರು.

ಶಿಷ್ಯ ಗಾಬರಿಯಾಗಿ ಬಡಿಸುವವನನ್ನು ಕರೆದ. ಮೀನಿನ ಹೋಳಿಲ್ಲ ನಿಜ. ಆದರೆ ಸಾರಿನ ನೀರೇ ಮೀನಿನದು. ಅದಕ್ಕೆ ದಾಶಿ ಎನ್ನುತ್ತಾರೆ. ಕತ್ಸುವೊ ಎಂಬ ಮೀನನ್ನು ಬೇಯಿಸಿ, ಮತ್ತೆ ಮತ್ತೆ ಹೊಗೆಯಾಡಿಸಿ, ಕಟ್ಟಿಗೆಯಂತಾಗುವ ತನಕ ಒಣಗಿಸಿ, ಬಡಿಗನ ಉಜ್ಜುಗೊರಡಿನಲ್ಲಿ ಹೆರೆದಂತೆ ತೆಳುವಾಗಿ ಹೆರೆದು, ಕೊಂಬು ಎಂಬ ಕಡಲ ಸಸ್ಯದೊಡನೆ ಬಿಸಿನೀರಿಗೆ ಹಾಕಿ ಸೋಸಿದ ತಿಳಿ. 1908ರಲ್ಲಿ ಕಿಕುನೆ ಇಕೆಡಾ ಎಂಬ ರಸಾಯನಶಾಸ್ತ್ರಜ್ಞ ಆ ಕೊಂಬುವಿನಿಂದ ಗ್ಲುಟಮೇಟನ್ನು ಬೇರ್ಪಡಿಸಿ, ಅದರ ರುಚಿಗೆ ಉಮಾಮಿ ಎಂದು ಹೆಸರಿಟ್ಟ. ನಾನು ಹೊಗಳಿದ ಆಳವಾದ ರುಚಿ ಅದೇ. ಭಜಿಗೆ ಅದ್ದಿಕೊಂಡ ರಸದಲ್ಲಿಯೂ ದಾಶಿಯೇ ಇತ್ತು. (ಬೌದ್ಧ ಮಠಗಳ ಶೋಜಿನ್ ಅಡುಗೆಯಲ್ಲಿ ಮೀನಿಲ್ಲದೆ, ಬರೀ ಕೊಂಬು, ಅಣಬೆಗಳಿಂದ ದಾಶಿ ಮಾಡುವರು. ನಿಮ್ಮಲ್ಲಿ ಯಾರಾದರೂ ಶಾಕಾಹಾರಿಗಳು ಇಂಥಲ್ಲಿಗೆ ಹೋದರೆ ಮೊದಲೇ ಕೇಳಿಕೊಳ್ಳಿರಿ.) ಗಣಿತದ ಮಾಸ್ತರರು ಕೊರಳಿನ ಕರಡಿಗೆಯನ್ನು ಮುಟ್ಟಿಕೊಂಡು ಕಣ್ಣು ಮುಚ್ಚಿದರು. ಆಮೇಲೆ, "ಗೊತ್ತಿಲ್ಲದ ಆದದ್ದು, ಇರಲಿ" ಎಂದು ಬಟ್ಟಲನ್ನು ದೂರ ಸರಿಸಿದರು.

ಡ್ರಿಲ್ ಮಾಸ್ತರರು ನನ್ನ ಖಾಲಿ ಬಟ್ಟಲನ್ನು ನೋಡಿ ನಗುತ್ತ ಕೇಳಿದರು: "ಕಿಟಕಿ ತಗೀಲೇನ್ರಿ ಸರ?"

ಉಳಿದಿಬ್ಬರಿಗೆ ಅರ್ಥವಾಗಲಿಲ್ಲ. ನನಗಾಯಿತು.

1986ರ ಮಳೆಗಾಲ. ಅವರು ಶಾಲೆಗೆ ಹೊಸದಾಗಿ ಬಂದಿದ್ದರು. ಶಿಕ್ಷಕರ ಕೋಣೆಯಲ್ಲಿ ಎಲ್ಲರೂ ಡಬ್ಬಿ ಬಿಚ್ಚಿದ್ದೆವು. ಅವರ ರೊಟ್ಟಿಯ ಮೇಲೆ ಹುರಿದ ಒಣಮೀನಿತ್ತು. ನಾನು ಒಂದು ಮಾತನ್ನೂ ಆಡಲಿಲ್ಲ. ಎದ್ದು ಹೋಗಿ ಕಿಟಕಿ ತೆರೆದು ಬಂದು ಕುಳಿತೆ. ಹೊರಗೆ ಮಳೆ ಸುರಿಯುತ್ತಿತ್ತು. ಇರಚಲು ಒಳಗೆ ಬಂತು. ಮರುದಿನದಿಂದ ಅವರು ಆಟದ ಸಾಮಾನಿನ ಕೋಣೆಯ ಮುಂದಿನ ಬೇವಿನ ಗಿಡದ ಬುಡದಲ್ಲಿ ಉಣ್ಣತೊಡಗಿದರು. ಕೇಳಿದವರಿಗೆ, "ಚೆಂಡು ಕಾಯಬೇಕಲ್ರೀ" ಎನ್ನುತ್ತಿದ್ದರು. ನಾವು ನಂಬಿದೆವು, ನಂಬುವುದು ಅನುಕೂಲವಾಗಿತ್ತು. ಅವರು ನಿವೃತ್ತರಾಗುವವರೆಗೂ ಹಾಗೆಯೇ ನಡೆಯಿತು. ಬಸವಣ್ಣನವರು ಹುಟ್ಟಿದ ಊರಿನಲ್ಲಿ ಪ್ರತಿ ಬಸವ ಜಯಂತಿಗೆ ಕಲ್ಯಾಣದ ದಾಸೋಹವನ್ನು ಕುರಿತು ಭಾಷಣ ಮಾಡುತ್ತಿದ್ದವನು ನಾನೇ. ಅವರು ಮುಂದಿನ ಸಾಲಿನಲ್ಲಿ ಮಕ್ಕಳನ್ನು ಸಾಲಾಗಿ ಕೂಡ್ರಿಸಿ, ಗದ್ದಲವಾಗದಂತೆ ನೋಡಿಕೊಳ್ಳುತ್ತಿದ್ದರು.

ನಾನು ಶಿಷ್ಯನಿಗೆ, ಮೀನು ತರಿಸು ಎಂದೆ. ಡ್ರಿಲ್ ಮಾಸ್ತರರು ಬೇಡವೆಂದರು, ನಾನು ಬಿಡಲಿಲ್ಲ. ಹುಳಿಯನ್ನದ ಪುಟ್ಟ ಉಂಡೆಗಳ ಮೇಲೆ ಮೀನಿನ ತೆಳು ಹೋಳುಗಳನ್ನಿಟ್ಟು ತಂದರು. ಹಸಿ ಮೀನೆಂದು ತಿಳಿದಾಗ ಡ್ರಿಲ್ ಮಾಸ್ತರರೇ ಹೌಹಾರಿದರು! ಆದರೂ ಎರಡು ತಿಂದು, "ಸುಟ್ಟಿದ್ದರ ಚೊಲೋ ಇರತಿತ್ತು" ಎಂದು ತೀರ್ಪು ಕೊಟ್ಟರು. ಗಣಿತದ ಮಾಸ್ತರರು ನೋಡುತ್ತ ಕುಳಿತಿದ್ದರು, ಏಳಲಿಲ್ಲ.

ಮರಳಿ ಬರುವಾಗ ರೈಲಿನಲ್ಲಿ ಗಣಿತದ ಮಾಸ್ತರರಿಗೆ ಬೇಗ ನಿದ್ದೆ ಹತ್ತಿತು. ಆಗ ಕಿಟಕಿಯ ಮಾತು ತೆಗೆದೆ. ಹೇಳಬೇಕೆಂದುಕೊಂಡದ್ದರಲ್ಲಿ ಅರ್ಧವೂ ಬಾಯಿಗೆ ಬರಲಿಲ್ಲ. ಅವರು ಸ್ವಲ್ಪ ಹೊತ್ತು ಹೊರಗಿನ ಕತ್ತಲನ್ನು ನೋಡಿದರು.

"ಬ್ಯಾಸಗ್ಯಾಗ ಆ ಬೇವಿನ ನೆಳ್ಳ ಚೊಲೋ ಇರತಿತ್ರಿ ಸರ" ಎಂದರು. "ಮಳಿಗಾಲದಾಗ ಅಷ್ಟ ತ್ರಾಸ ಆಗತಿತ್ತು."