ಪಹಣಿಯಲ್ಲೊಂದು ಹೆಸರು

ಸರ್ಕಾರಿ ಅಧಿಕಾರಿಗಳ ಹೆಸರನ್ನು ನಾವು ನೆನಪಿಡುವುದು ಕಡಿಮೆ. ವರ್ಗವಾಗಿ ಬರುತ್ತಾರೆ, ವರ್ಗವಾಗಿ ಹೋಗುತ್ತಾರೆ. ಆದರೆ ಹೊಲ ಇರುವ ಮನೆಯ ಹೆಣ್ಣುಮಕ್ಕಳು ರಾಜೀವ್ ಚಾವ್ಲಾ ಎಂಬ ಹೆಸರನ್ನು ತಿಳಿದಿರಬೇಕು. ಐ.ಎ.ಎಸ್. ಅಧಿಕಾರಿಯಾಗಿ ಕರ್ನಾಟಕಕ್ಕೆ ಬಂದ ಇವರು ಸೇವೆಯ ಬಹುಭಾಗ ಸವೆಸಿದ್ದು ದಾಖಲೆ, ಲೆಕ್ಕ, ಮಾಹಿತಿಗಳ ನಡುವೆ.

ಮೊದಲು ಪಹಣಿ ಎಂದರೆ ಗ್ರಾಮ ಲೆಕ್ಕಿಗರ ಬಟ್ಟೆಯ ಗಂಟಿನಲ್ಲಿ ಇರುವಂಥದ್ದು. ರಾಜ್ಯದಲ್ಲಿ ಅಂಥ ಲೆಕ್ಕಿಗರು ಸುಮಾರು 9,000. ಅವರು ಊರಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಂದಾಯ ಇಲಾಖೆಯಲ್ಲಿದ್ದಾಗ ಚಾವ್ಲಾ ಅವರು ಮುಂದೆ ನಿಂತು ನಡೆಸಿದ 'ಭೂಮಿ' ಯೋಜನೆ ಆ ಗಂಟನ್ನು ಬಿಚ್ಚಿತು. ಸುಮಾರು 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಏರಿದವು. 2000ದ ಆಚೀಚೆ ತಾಲ್ಲೂಕು ಕಚೇರಿಗಳಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು. ಕಿಟಕಿಯಲ್ಲಿ ನಮ್ಮ ಕಡೆಗೂ ಒಂದು ಪರದೆ ತಿರುಗಿಸಿದ್ದರು. ಒಳಗಿನವರು ಕಂಡದ್ದನ್ನು ಹೊರಗೆ ನಿಂತ ರೈತನೂ ಕಾಣಲಿ ಎಂದು.

ನಾನು ಆಗ ಲಿಂಗಸುಗೂರಿನಲ್ಲಿ ಪಾಠ ಹೇಳುತ್ತಿದ್ದೆ. ಪಕ್ಕದ ಮನೆಯಾಕೆಗೆ ಮಸ್ಕಿಯ ಕಡೆ ನಾಲ್ಕು ಎಕರೆ ಹೊಲ. ಗಂಡ ತೀರಿ ಆರು ವರ್ಷ. "ನಿನ್ನ ಪಾಲು ಎಲ್ಲಿಗೆ ಹೋಗುತ್ತದೆ?" ಎಂದು ಮನೆಯವರು ಸಮಾಧಾನ ಹೇಳುತ್ತಲೇ ಇದ್ದರು. ಆಕೆಗೆ ಓದು ಬಾರದು. ನನ್ನ ಶಿಷ್ಯೆಯಾದ ಮಗಳು ಪರದೆ ನೋಡಿ, "ಅವ್ವಾ, ಇನ್ನೂ ಅಪ್ಪನ ಹೆಸರೇ ಐತಿ" ಎಂದಳಂತೆ. ಪೌತಿ ಖಾತೆಗೆ ಅರ್ಜಿ ಕೊಟ್ಟರು. ನೋಟಿಸಿನ ಮೂವತ್ತು ದಿನ ಕಳೆಯುವವರೆಗೆ ಆಕೆ ನೆಮ್ಮದಿಯಾಗಿ ಉಣ್ಣಲಿಲ್ಲ. ಯಾರೂ ತಕರಾರು ಮಾಡಲಿಲ್ಲ. ಹೆಸರು ಬಂತು.

ಒಂದು ಮಾತು ಗಮನಿಸಿ. ಕಂಪ್ಯೂಟರು ತಾನಾಗಿ ಆಕೆಯ ಹೆಸರು ಬರೆಯಲಿಲ್ಲ. ಇದ್ದದ್ದನ್ನು ಇದ್ದಂತೆ ತೋರಿಸಿತು, ಅಷ್ಟೇ. ಹಳೆಯ ಪುಸ್ತಕದಲ್ಲಿ ಬಿಟ್ಟುಹೋದ ಹೆಂಗಸು ಹೊಸ ಯಂತ್ರದಲ್ಲೂ ಬಿಟ್ಟೇ ಹೋಗುತ್ತಾಳೆ.

ಚಾವ್ಲಾ ಅವರ ಮುಂದಿನ ಕೆಲಸ ನೋಡಿದರೆ ಇದು ಇನ್ನಷ್ಟು ಮುಖ್ಯವೆನಿಸುತ್ತದೆ. ಇ-ಆಡಳಿತದಲ್ಲಿದ್ದಾಗ ಅವರು ರೂಪಿಸಿದ 'ಫ್ರೂಟ್ಸ್' ವ್ಯವಸ್ಥೆಯಲ್ಲಿ ರೈತನಿಗೊಂದು ಸಂಖ್ಯೆ, ಅದಕ್ಕೆ ಪಹಣಿಯ ಜೋಡಣೆ. ಸಹಾಯಧನವೂ ಅದೇ ದಾರಿಯಲ್ಲಿ ಬರುತ್ತದೆ. ಆಮೇಲೆ ಅವರು ದೆಹಲಿಯ ಕೃಷಿ ಸಚಿವಾಲಯದಲ್ಲಿ ಸಲಹೆಗಾರರಾಗಿ ದೇಶದ ರೈತರ ಮಾಹಿತಿಯನ್ನು ಹೆಣೆಯುವ ಕೆಲಸಕ್ಕೆ ಹೋದರು. ಎಳೆಗೆ ಎಳೆ ಸೇರಿದಷ್ಟೂ ಪಹಣಿಯಲ್ಲಿ ಹೆಸರಿಲ್ಲದವಳ ನಷ್ಟವೂ ಹೆಚ್ಚು. ಸಿಂಧನೂರಿನ ಕಾಲುವೆ ಗದ್ದೆಯಲ್ಲಿ ನಾಟಿ ಹಚ್ಚುವವರು ಹೆಂಗಸರು. ಪಹಣಿಯಲ್ಲಿ ಅವರೆಷ್ಟು ಮಂದಿ?

ಕಾನೂನು ನಮ್ಮ ಕಡೆಗಿದೆ. ಹಿಂದೂ ಕೂಡು ಕುಟುಂಬದ ಆಸ್ತಿಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಗಂಡುಮಕ್ಕಳ ಸಮ ಪಾಲು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರಿಗೂ ಕೊಟ್ಟಿತು. ಆದರೂ ಅರಿಷಿಣ ಕುಂಕುಮದ ಜೊತೆ ಒಂದು ಸೀರೆ ಇಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳುವುದು ನಿಂತಿಲ್ಲ. ಕೊಡುವುದು ಬಿಡುವುದು ಅವರವರ ಇಚ್ಛೆ. ಓದದೆ ಸಹಿ ಮಾಡಬೇಡಿ ಎಂಬುದಷ್ಟೇ ನನ್ನ ಮಾತು.

ಮಸ್ಕಿಯ ಬಂಡೆಗಲ್ಲನ್ನು ನೀವು ನೋಡಿರಬಹುದು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಗಟ್ಟಿಯಾದದ್ದು 1915ರಲ್ಲಿ, ಆ ಬಂಡೆಯ ಮೇಲೆ ಅವನ ಹೆಸರು ಸಿಕ್ಕಾಗ. ಚಕ್ರವರ್ತಿಗೇ ದಾಖಲೆಯಲ್ಲಿ ಹೆಸರು ಬೇಕಾಯಿತು. ನಮಗೆ ಬೇಡವೇ? ಈ ಸಲ ತವರಿಗೆ ಹೋದಾಗ ಪಹಣಿ ತರಿಸಿ ಒಮ್ಮೆ ಓದಿ.