ಕೊತ್ತತ್ತಿಯ ಒಂದು ಮನೆ

ಮಂಡ್ಯದ ಬಸ್ಸು ನಿಲ್ದಾಣದಲ್ಲಿ ಕೊತ್ತತ್ತಿಗೆ ಹೋಗುವ ಬಸ್ಸು ಯಾವುದೆಂದು ತಿಳಿಯಲು ನಾವು ಮೂವರನ್ನು ಕೇಳಬೇಕಾಯಿತು. ಹಲಗೆಯ ಮೇಲೆ ಧೂಳು ಕುಳಿತು ಅಕ್ಷರಗಳು ಮಾಸಿದ್ದವು. ಓದು ಬರಹ ಬಲ್ಲೆವೆಂಬ ನಮ್ಮ ಜಂಬ ಅಲ್ಲಿಯೇ ಸ್ವಲ್ಪ ಇಳಿಯಿತೆನ್ನಬೇಕು. ಕಡೆಗೆ ಕಡಲೆಕಾಯಿ ಮಾರುತ್ತಿದ್ದ ಒಬ್ಬಾಕೆ, "ಅಗೋ, ಆ ಬಸ್ಸು ಸ್ವಾಮಿ, ಬೇಗ ಹತ್ಕೊಳ್ಳಿ" ಎಂದು ಕೈ ತೋರಿಸಿದಳು.

ಕೊತ್ತತ್ತಿಯು ಮಂಡ್ಯ ತಾಲ್ಲೂಕಿನ ಒಂದು ಹೋಬಳಿಯ ಮುಖ್ಯ ಗ್ರಾಮ. ಈ ಸೀಮೆಯ ಚರಿತ್ರೆಯೆಲ್ಲವೂ ನೀರಿನ ಚರಿತ್ರೆಯೇ. ಕನ್ನಂಬಾಡಿಯ ಕಟ್ಟೆಯಿಂದ ಹೊರಟು, ಮೊದಲು ಇರ್ವಿನ್ ನಾಲೆಯೆಂದೂ ಆಮೇಲೆ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರು ಪಡೆದ ಕಾಲುವೆಯು ರಾಗಿಯ ಬೆದ್ದಲನ್ನು ಕಬ್ಬು ಭತ್ತಗಳ ಗದ್ದೆಯನ್ನಾಗಿ ಮಾಡಿತು. ೧೯೩೩ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿಯ ಸ್ಥಾಪನೆಯಾಯಿತು; ೧೯೩೯ರಲ್ಲಿ ಮಂಡ್ಯವು ಮೈಸೂರಿನಿಂದ ಬೇರ್ಪಟ್ಟು ತಾನೇ ಒಂದು ಜಿಲ್ಲೆಯಾಯಿತು. ಬಸ್ಸಿನ ಕಿಟಕಿಯ ಎರಡು ಕಡೆಯೂ ಕಬ್ಬಿನ ಗರಿಗಳು. ಆದರೆ ನಾವು ಹೊರಟಿದ್ದುದು ಕಬ್ಬನ್ನು ನೋಡುವುದಕ್ಕಲ್ಲ, ಸ್ನೇಹಿತರೊಬ್ಬರು ಹೇಳಿದ ಒಂದು ಮನೆಯನ್ನು ನೋಡುವುದಕ್ಕೆ.

ಆ ಮನೆಯಲ್ಲಿ ಇರುವವರು ಇಬ್ಬರು: ಅರುವತ್ತು ದಾಟಿದ ತಾಯಿ, ಮೂವತ್ತನಾಲ್ಕು ವರ್ಷದ ಮಗ. ಮಗಳನ್ನು ಮದ್ದೂರಿನ ಕಡೆಗೆ ಕೊಟ್ಟಿದೆ. ಮಗನು ಹಿಂದಿನವರು ‘ಮಂದಬುದ್ಧಿ’ ಎಂದು ನಿರ್ದಯವಾಗಿ ಕರೆಯುತ್ತಿದ್ದ ಸ್ಥಿತಿಯಲ್ಲಿ ಹುಟ್ಟಿದವನು. ಈಗ ಅದಕ್ಕೆ ಬೌದ್ಧಿಕ ವಿಕಲತೆಯೆಂದು ಹೆಸರು. ಅದು ಹುಚ್ಚಲ್ಲ, ರೋಗವೂ ಅಲ್ಲ. ಕಲಿಯುವುದು ನಿಧಾನ, ಲೆಕ್ಕ ಮತ್ತು ಹೊತ್ತಿನ ಅಂದಾಜು ಕಷ್ಟ, ಅಷ್ಟೆ. ೨೦೧೧ರ ಜನಗಣತಿಯಲ್ಲಿ ನಮ್ಮ ದೇಶದಲ್ಲಿ ಇಂಥವರು ಸುಮಾರು ೧೫ ಲಕ್ಷ ಮಂದಿಯೆಂದು ಲೆಕ್ಕವಾಯಿತು. ಅಷ್ಟು ಮನೆಗಳಲ್ಲಿಯೂ ತಂದೆತಾಯಂದಿರು ರಾತ್ರಿ ಮಲಗುವಾಗ ಕೇಳಿಕೊಳ್ಳುವ ಪ್ರಶ್ನೆ ಒಂದೇ: ನಮ್ಮ ತರುವಾಯ ಯಾರು?

ಕೊಟ್ಟಿಗೆಯ ಗೋಡೆಯ ಮೇಲೆ ಸಾಲಾಗಿ ಐದು ಭಾವಚಿತ್ರಗಳನ್ನು ಅಂಟಿಸಿದ್ದರು. ಕೈ ತೊಳೆಯುವುದು, ಕೆಚ್ಚಲು ತೊಳೆಯುವುದು, ಹಾಲು ಕರೆಯುವುದು, ಕ್ಯಾನಿಗೆ ಸೋಸುವುದು, ಡೇರಿಗೆ ನಡೆಯುವುದು. ಎಲ್ಲದರಲ್ಲಿಯೂ ಇರುವವನು ಆತನೇ, ಇರುವುದು ಅದೇ ಹಸು, ಅದೇ ನೀಲಿ ಬಕೀಟು. ಮೊದಲು ಯಾರೋ ಅಚ್ಚು ಹಾಕಿದ ಚಿತ್ರಗಳನ್ನು ಕೊಟ್ಟಿದ್ದರಂತೆ. ಅದರಲ್ಲಿ ಬೆಳ್ಳಗಿನ ಹುಡುಗನೊಬ್ಬ ಹೊಳೆಯುವ ನಲ್ಲಿಯ ಕೆಳಗೆ ಕೈ ತೊಳೆಯುತ್ತಿದ್ದನು. "ಅದು ಅವನ ಮನೆ" ಎಂದು ಹೇಳಿ ಮಗನು ಸುಮ್ಮನಾದನಂತೆ! ಆಮೇಲೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಈ ಮನೆಯಲ್ಲಿಯೇ ಮೊಬೈಲಿನಿಂದ ಚಿತ್ರ ತೆಗೆದರು. ಎರಡು ತಿಂಗಳಲ್ಲಿ ಕೆಲಸ ಕೈಗೆ ಹತ್ತಿತು. ಈಗ ದಿನಕ್ಕೆರಡು ಸಲ ಡೇರಿಗೆ ಹಾಲು ಹಾಕುವವನು ಆತನೇ.

ಆತನ ಮೊಬೈಲಿನಲ್ಲಿ ಹೆಸರುಗಳಿಲ್ಲ, ಮುಖಗಳಿವೆ. ತಂಗಿಯ ಮುಖವನ್ನು ಒತ್ತಿದರೆ ತಂಗಿಗೆ ಕರೆ ಹೋಗುತ್ತದೆ. ಆತನಿಗೆ ಫಿಟ್ಸಿನ ತೊಂದರೆಯೂ ಇರುವುದರಿಂದ ವಾರದ ಮಾತ್ರೆಗಳಿಗೆ ಮನೆಮನೆಯಾಗಿ ಮಾಡಿದ ಒಂದು ಡಬ್ಬಿಯಿದೆ. ಬೆಳಗಿನ ಮನೆಗೆ ಸೂರ್ಯ, ರಾತ್ರಿಯದಕ್ಕೆ ಚಂದ್ರ. ಹೊತ್ತು ತೀರಿದರೆ ತಾನಾಗಿ ಆರುವ ವಿದ್ಯುತ್ ಒಲೆಯ ಮೇಲೆ ಅನ್ನವನ್ನೂ ಮಾಡುತ್ತಾನೆ. ಮುದ್ದೆ ತಿರುವುವುದು ಮಾತ್ರ ಇನ್ನೂ ತಾಯಿಯ ಪಾಲಿಗೇ.

ಇಲ್ಲಿ ಒಂದು ಸಂಗತಿಯನ್ನು ಹೇಳಬೇಕು. ಮಾತ್ರೆಯ ಹೊತ್ತಿಗೆ ಮೊಬೈಲು ತಾಯಿಯ ದನಿಯಲ್ಲಿಯೇ "ಮಗಾ, ಮಾತ್ರೆ ತಕ್ಕೊ" ಎಂದು ಕೂಗುವಂತೆ ಮೊದಲು ಏರ್ಪಾಡು ಮಾಡಿದ್ದರು. ತಾಯಿಗೆ ಅದು ಬಹಳ ಸಮಾಧಾನವಾಗಿತ್ತು. "ನಾನು ಹೋದ್ಮೇಲೂ ನನ್ನ ದನಿ ಇರ್ತದಲ್ಲ ಅಂದ್ಕೊಂಡಿದ್ದೆ" ಎಂದು ಆಕೆ ನಮಗೆ ಹೇಳಿದರು. ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಆಕೆ ಮೂರು ದಿನ ಮನೆ ಬಿಟ್ಟಿದ್ದಾಗ ಮಗನು ಆ ದನಿಯನ್ನು ಕೇಳಿ, ಅವ್ವ ಬಂದಳೆಂದು ಒಳಮನೆ, ಹಿತ್ತಿಲು, ಕೊಟ್ಟಿಗೆಗಳನ್ನೆಲ್ಲ ಹುಡುಕಿದನು. ಕಾಣದೆ ಅತ್ತನು. ಮಾತ್ರೆ ಡಬ್ಬಿಯಲ್ಲಿಯೇ ಉಳಿಯಿತು. ತಂಗಿ ಬಂದು ನೋಡಿ, ಆ ದನಿಯನ್ನು ತೆಗೆದು, ಅಣ್ಣನ ಕೈಯಿಂದಲೇ ಹೇಳಿಸಿ ತುಂಬಿದಳು. ಈಗ ಕೂಗುವುದು ಆತನದೇ ದನಿ. ತಾಯಿಯು ಇದನ್ನು ಹೇಳುತ್ತ ಸೆರಗಿನಿಂದ ಕಣ್ಣೊರಸಿಕೊಂಡರು. ಅದು ದುಃಖವೋ ನೆಮ್ಮದಿಯೋ ನಮಗೆ ತಿಳಿಯಲಿಲ್ಲ.

ಹಣದ ವಿಷಯದಲ್ಲಿ ಕಷ್ಟ ಹೆಚ್ಚು. ಅಂಕಿಗಳು ಒಗ್ಗದ ಆತನು ನೋಟುಗಳನ್ನು ಬಣ್ಣದಿಂದ ಗುರುತಿಸಲು ವರ್ಷಗಟ್ಟಲೆ ಕಲಿತಿದ್ದನು. ೨೦೧೬ರ ನವೆಂಬರಿನಲ್ಲಿ ಐನೂರರ ಹಳೆಯ ನೋಟು ರದ್ದಾಗಿ, ಆಮೇಲೆ ಐವತ್ತರದು ನೀಲಿ, ನೂರರದು ನೇರಳೆ, ಹೊಸದಾಗಿ ಬಂದ ಇನ್ನೂರರದು ಹಳದಿ ಎಂದು ಎಲ್ಲವೂ ಬದಲಾದಾಗ ಕಲಿತದ್ದೆಲ್ಲ ವ್ಯರ್ಥವಾಯಿತು. ಈಗ ಆತನ ಚೀಲದ ಒಂದೊಂದು ಜೇಬಿಗೆ ಒಂದೊಂದು ಬಣ್ಣದ ಬಟ್ಟೆಯನ್ನು ಹೊಲಿದಿದ್ದಾರೆ.

ತಾಯಿಯ ದೊಡ್ಡ ಹೆದರಿಕೆ ನಾಲೆಯದು. ಅದೇನೂ ಸುಳ್ಳು ಹೆದರಿಕೆಯಲ್ಲ. ೨೦೧೮ರಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ಇದೇ ನಾಲೆಗೆ ಉರುಳಿ ೩೦ ಮಂದಿ ತೀರಿಕೊಂಡುದು ಈ ಸೀಮೆಯವರಿಗೆ ಮರೆಯುವಂತಿಲ್ಲ. ಮಗನು ಎಲ್ಲಿದ್ದಾನೆಂದು ಇನ್ನೊಂದು ಮೊಬೈಲಿನಲ್ಲಿ ಕಾಣುವಂತೆ ಮಾಡಬಹುದೆಂದು ಯಾರೋ ಹೇಳಿದರು. ಕೂಡಲೇ ಮಾಡಿಬಿಟ್ಟರು. ಆತನಿಗೆ ಹೇಗೋ ತಿಳಿದು, "ನಾನೇನು ತಪ್ಪಿಸ್ಕೊಳ್ಳೋ ಕರುವಾ?" ಎಂದು ಎರಡು ದಿನ ಮೊಬೈಲನ್ನೇ ಮುಟ್ಟಲಿಲ್ಲವಂತೆ. ಕೊನೆಗೆ ಒಂದು ಒಪ್ಪಂದವಾಯಿತು: ನೀರು ಬಿಟ್ಟಿರುವಾಗ ಗದ್ದೆಗೆ ಹೋಗುವ ದಿನ ಮಾತ್ರ ಅದು ಇರಬೇಕು, ಮಿಕ್ಕ ದಿನ ಬೇಡ. ಈ ಒಪ್ಪಂದ ನಮಗೆ ಯಾವ ಯಂತ್ರಕ್ಕಿಂತಲೂ ಮಿಗಿಲಾಗಿ ಕಂಡಿತು.

ಪಕ್ಕದ ಮನೆಯ ಗೌಡರು ಹಾಸಿಗೆಯಲ್ಲಿ ಮಲಗಿಯೇ ಮೊಬೈಲನ್ನು ಒತ್ತಿ ತೋಟದ ಪಂಪುಸೆಟ್ಟನ್ನು ನಡೆಸುತ್ತಾರೆ. ಅವರನ್ನು ಯಾರೂ ಪರಾಧೀನರೆನ್ನುವುದಿಲ್ಲ, ಜಾಣರೆನ್ನುತ್ತಾರೆ. ಚಿತ್ರ ನೋಡಿ ಹಾಲು ಕರೆಯುವವನನ್ನು ಕಂಡರೆ ಮಾತ್ರ ಅಯ್ಯೋ ಪಾಪ ಎನ್ನುವುದೇಕೆ?

ಸರ್ಕಾರದವರು ಏನೂ ಮಾಡಿಲ್ಲವೆನ್ನಲಾಗದು. ಸಿಕಂದರಾಬಾದಿನಲ್ಲಿ ೧೯೮೪ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಂಸ್ಥೆಯವರು ಕಲಿಕೆಯ ಸಾಮಗ್ರಿಗಳ ಪೆಟ್ಟಿಗೆಯನ್ನು ರೂಪಿಸಿದ್ದಾರೆ. ಆದರೆ ಅದು ಹೆಚ್ಚಾಗಿ ಮಕ್ಕಳಿಗೆ ಹೊಂದುವಂಥದು, ಮೂವತ್ತು ದಾಟಿದವನಿಗೆ ಬಣ್ಣದ ತುಂಡುಗಳಿಂದೇನು? ಮಾತು ಬಾರದವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಹತ್ತಿರದಲ್ಲಿಯೇ ಇದೆ. ಚಿತ್ರವನ್ನು ಮುಟ್ಟಿದರೆ ಮಾತಾಡುವ ‘ಆವಾಜ್’ ಎಂಬ ಸಾಧನ ಚೆನ್ನೈಯಲ್ಲಿ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೬ರಲ್ಲಿ ಪ್ರಕಟಿಸಿದ ೫೦ ಅಗತ್ಯ ಸಾಧನಗಳ ಪಟ್ಟಿಯಲ್ಲಿ ಗಾಲಿಕುರ್ಚಿ, ಕನ್ನಡಕಗಳ ಜೊತೆಗೆ ಮಾತ್ರೆಯ ಡಬ್ಬಿಯೂ ಸರಳ ಮೊಬೈಲೂ ಸೇರಿವೆ. ಗೃಹಸ್ಥರು ತಿಳಿದಿರಬೇಕಾದ ಇನ್ನೊಂದು ಮಾತು: ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು, ತೀರ್ಮಾನಕ್ಕೆ ನೆರವು ಬೇಕಾದವರಿಗೆ ‘ಸೀಮಿತ ಪಾಲಕತ್ವ’ವನ್ನು ಹೇಳುತ್ತದೆ. ಅಂದರೆ ಪಾಲಕರು ಆತನ ಬದಲಿಗೆ ತೀರ್ಮಾನಿಸುವವರಲ್ಲ, ಆತನೊಡನೆ ಕೂಡಿ ತೀರ್ಮಾನಿಸುವವರು. ತಂಗಿಯು ಈಗ ಇದಕ್ಕಾಗಿಯೇ ಕಾಗದಪತ್ರಗಳನ್ನು ಸೇರಿಸುತ್ತಿದ್ದಾಳೆ.

ಸಂಜೆಯಾಗುತ್ತ ಬಂದಿತು. ನಿಮ್ಮ ಹೆಸರನ್ನು ಬರೆಯಬಹುದೆ ಎಂದು ಆತನನ್ನು ಕೇಳಿದೆವು. ಸ್ವಲ್ಪ ಹೊತ್ತು ಯೋಚಿಸಿ, "ಬ್ಯಾಡ. ಹಸೀನ ಬಗ್ಗೆ ಬರೀರಿ" ಎಂದನು. ಹಸುವಿನ ಹೆಸರು ಗೌರಿ. ಕಪ್ಪು ಬಿಳುಪು, ಎರಡನೆಯ ಸೂಲು.

ಬಸ್ಸಿನ ತನಕ ಆತನೇ ಬಂದನು. ಒಂದು ಬಸ್ಸು ಬಂದಾಗ ನಾವು ಹತ್ತಲು ಹೋದೆವು. "ಇದಲ್ಲ, ಹಿಂದ್ಲುದು" ಎಂದು ತಡೆದನು. ಅಷ್ಟರಲ್ಲಿ ಆತನ ಜೇಬಿನಿಂದ ಆತನದೇ ದನಿ, "ಹಾಲು ಕರೆಯೋ ಹೊತ್ತು" ಎಂದು ಕೂಗಿತು. ನಮಗೆ ಹೇಳದೆಯೇ ತಿರುಗಿ ಮನೆಯ ಕಡೆಗೆ ಬಿರಬಿರನೆ ನಡೆದನು.